ಹೊಸೂರು ರಸ್ತೆಗೆ ಬಂದ ಭಿಕ್ಷೆಯ ಬುಟ್ಟಿ

ಪ್ಲೇಗು ಬೆಂಗಳೂರನ್ನು ನಡುಗಿಸಿದ್ದು 1898ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1900ರಲ್ಲಿ, ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸಂಘದ ಧರ್ಮಭಗಿನಿಯರು ಈ ಊರಿಗೆ ಬಂದು ವೃದ್ಧಾಶ್ರಮ ತೆರೆದರು. ಹೊಸೂರು ರಸ್ತೆಯಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಬೆಂಗಳೂರಿಗೆ ಕ್ಯಾಥೊಲಿಕ್ ಸಿಸ್ಟರ್‌ಗಳು ಹೊಸಬರೇನಲ್ಲ. 1854ರಲ್ಲೇ ಬಂದ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಆರಂಭಿಸಿದ್ದರು. ಆದರೆ ಆಸ್ಪತ್ರೆಗೆ ಬಂದವರು ವಾಸಿಯಾದ ಮೇಲೆ ಮನೆಗೆ ಹೋಗಬೇಕು. ಮನೆಯೇ ಇಲ್ಲದ, ಕಣ್ಣು ಕಾಣದ, ಕೈಕಾಲು ಆಡದ ಮುದುಕರು ಎಲ್ಲಿಗೆ ಹೋಗಬೇಕು?

ಲಿಟಲ್ ಸಿಸ್ಟರ್ಸ್ ಸಂಘ ಹುಟ್ಟಿದ್ದೇ ಅಂಥವರಿಗಾಗಿ. 1839ರ ಚಳಿಗಾಲ, ಫ್ರಾನ್ಸಿನ ಸೇಂಟ್ ಸೆರ್ವಾನ್ ಪಟ್ಟಣ. ಮನೆಗೆಲಸ ಮಾಡಿ ಬದುಕುತ್ತಿದ್ದ, 47 ವರ್ಷದ ಜಾನ್ ಜುಗಾನ್, ಆನ್ ಶೋವಾನ್ ಎಂಬ ಕುರುಡು ಮುದುಕಿಯನ್ನು ತಮ್ಮ ಬಿಡಾರಕ್ಕೆ ಕರೆತಂದರು. ಆಕೆಗೆ ಪಾರ್ಶ್ವವಾಯು ಬೇರೆ ಬಡಿದಿತ್ತು. ಜಾನ್ ತಮ್ಮ ಹಾಸಿಗೆಯನ್ನು ಆಕೆಗೆ ಬಿಟ್ಟುಕೊಟ್ಟರು. ಒಬ್ಬರ ಹಿಂದೆ ಒಬ್ಬರು ಬಂದರು. ಅವರಲ್ಲಿ ಬೇಡಿ ಉಣ್ಣುತ್ತಿದ್ದ ಮುದುಕಿಯರೂ ಇದ್ದರು. ಅವರನ್ನು ಬೀದಿಗೆ ಕಳಿಸುವ ಬದಲು ಜಾನ್ ಅವರೇ ಬುಟ್ಟಿ ಹಿಡಿದು ಮನೆಮನೆಗೆ ಹೊರಟರು.

ಆ ಬುಟ್ಟಿಯೇ ಸಂಘದ ನಿಯಮವಾಯಿತು. ನಿಶ್ಚಿತ ಆದಾಯ ತರುವ ಆಸ್ತಿಯನ್ನು ಇಟ್ಟುಕೊಳ್ಳಬಾರದೆಂದು 1865ರಲ್ಲಿ ಸಂಘ ತೀರ್ಮಾನಿಸಿತು. ಅಷ್ಟು ಹೊತ್ತಿಗೆ ಜಾನ್ ಅವರನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿ ಎರಡು ದಶಕ ಕಳೆದಿತ್ತು. ಜೊತೆಗಿದ್ದ ಕಿರಿಯ ಭಗಿನಿಯರಲ್ಲಿ ಹಲವರಿಗೆ ಸಂಘ ಕಟ್ಟಿದವರು ಇವರೇ ಎಂಬುದೂ ತಿಳಿದಿರಲಿಲ್ಲ. 1879ರಲ್ಲಿ ತೀರಿಕೊಂಡ ಅವರನ್ನು ಚರ್ಚ್ 2009ರಲ್ಲಿ ಸಂತಳೆಂದು ಘೋಷಿಸಿತು.

ಸಂಘ ಭಾರತಕ್ಕೆ ಕಾಲಿಟ್ಟದ್ದು 1882ರಲ್ಲಿ, ಕಲ್ಕತ್ತೆಯ ಮೂಲಕ. ಬೆಂಗಳೂರಿಗೂ ಅದೇ ನಿಯಮ ಬಂತು: ಜಾತಿ ಮತ ಕೇಳದೆ ಬಡ ವೃದ್ಧರನ್ನು ಸೇರಿಸಿಕೊಳ್ಳುವುದು, ಅವರ ಊಟಕ್ಕೆ ಊರನ್ನೇ ಕೇಳುವುದು. ಕಲಬುರಗಿಯ ಶರಣಬಸವೇಶ್ವರರ ದಾಸೋಹವನ್ನು ಬಲ್ಲವರಿಗೆ ಇದು ಪರಕೀಯವೆನಿಸದು. ಊರು ಕೊಟ್ಟದ್ದು ಊರಿನ ಅಸಹಾಯಕರಿಗೇ ಸಲ್ಲುತ್ತದೆ. ಬಡಿಸುವ ಕೈಗಳು ಮಾತ್ರ ಇಲ್ಲಿ ಜೀವನವಿಡೀ ಅದಕ್ಕೇ ಮೀಸಲು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ಜೊತೆಗೆ ಈ ಭಗಿನಿಯರು ಆತಿಥ್ಯವನ್ನೂ ನಾಲ್ಕನೆಯ ವ್ರತವಾಗಿ ಸ್ವೀಕರಿಸುತ್ತಾರೆ. ಮೈ ತೊಳೆಸುವುದು, ತುತ್ತುಣಿಸುವುದು, ಸಾಯುವವರ ಪಕ್ಕ ರಾತ್ರಿಯಿಡೀ ಕೂರುವುದು ಎಲ್ಲವೂ ಅದರಲ್ಲಿ ಸೇರಿದೆ.

ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ನಿರ್ಗತಿಕ ವೃದ್ಧರಿಗೆ ಸಾಲುವ ಆಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದೆಂದು ದೇಶದ ಕಾನೂನು ಹೇಳಿದ್ದು 2007ರಲ್ಲಿ. ಹೊಸೂರು ರಸ್ತೆಯ ಮನೆಗೆ ಆಗ 107 ವರ್ಷ. ಕಟ್ಟಡ, ಹಾಸಿಗೆಗಳ ಲೆಕ್ಕ ಹಾಕುವ ಯೋಜಕರು ರಾತ್ರಿ ಪಕ್ಕದಲ್ಲಿ ಕೂರುವವರು ಯಾರೆಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು.