ಹಳೆಯ ಕಾರಿನ ದ್ರವ ಮತ್ತು ಫಿಲ್ಟರ್‌ಗಳ ನಿರ್ವಹಣೆ

ಕಾರಿನ ದ್ರವ ಮತ್ತು ಫಿಲ್ಟರ್‌ಗಳ ನಿರ್ವಹಣೆ ಎಂದರೆ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಗೇರ್ ಆಯಿಲ್ ಮೊದಲಾದ ದ್ರವಗಳನ್ನೂ ಗಾಳಿ, ಆಯಿಲ್ ಮತ್ತು ಇಂಧನದ ಫಿಲ್ಟರ್‌ಗಳನ್ನೂ ನಿಗದಿತ ಅವಧಿಯಲ್ಲಿ ಪರೀಕ್ಷಿಸಿ ಬದಲಾಯಿಸುವ ಕ್ರಮ. ಇವುಗಳಲ್ಲಿ ಹಲವು ಕೆಲಸಗಳನ್ನು ಸಾಮಾನ್ಯ ಸಲಕರಣೆಗಳಿಂದ ಮನೆಯಲ್ಲಿಯೇ ಮಾಡಬಹುದು. ಈ ದ್ರವಗಳು ಕಾರು ಓಡಿದ ದೂರದಿಂದ ಮಾತ್ರವಲ್ಲದೆ ಕಾಲ ಕಳೆದಂತೆಯೂ ಕೆಡುತ್ತವೆ. ಆದುದರಿಂದ ಹೆಚ್ಚಿನ ಸಮಯ ನಿಂತೇ ಇರುವ ಹಳೆಯ ಕಾರಿಗೂ ಈ ನಿರ್ವಹಣೆ ಅವಶ್ಯಕ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಅನಂತರ ವಾಹನವನ್ನು ತಪಾಸಣೆಗೆ ಒಳಪಡಿಸಿ 5 ವರ್ಷಗಳ ಅವಧಿಗೆ ನವೀಕರಿಸಬೇಕಾಗುತ್ತದೆ.

ಬದಲಾವಣೆಯ ಅವಧಿ

ತಯಾರಕರ ಕೈಪಿಡಿಯಲ್ಲಿ ಅವಧಿಯನ್ನು ಕಿಲೋಮೀಟರ್ ಮತ್ತು ತಿಂಗಳು ಎರಡರಲ್ಲೂ ಸೂಚಿಸಿರುತ್ತಾರೆ. ಎರಡರಲ್ಲಿ ಯಾವುದು ಮೊದಲು ಬರುತ್ತದೆಯೋ ಅದನ್ನೇ ಪಾಲಿಸಬೇಕು. ಸಾಮಾನ್ಯವಾಗಿ ಕಂಡುಬರುವ ಅವಧಿಗಳು ಹೀಗಿವೆ:

• ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್: 5,000ದಿಂದ 10,000 ಕಿ.ಮೀ. ಅಥವಾ 1 ವರ್ಷ
• ಬ್ರೇಕ್ ಆಯಿಲ್: 2 ವರ್ಷ
• ಕೂಲೆಂಟ್: ಹಳೆಯ ಬಗೆಯದಾದರೆ 2ರಿಂದ 3 ವರ್ಷ, ದೀರ್ಘ ಬಾಳಿಕೆಯದಾದರೆ ಸುಮಾರು 5 ವರ್ಷ
• ಏರ್ ಫಿಲ್ಟರ್: ಪ್ರತಿ ಸರ್ವಿಸ್‌ನಲ್ಲಿ ಪರೀಕ್ಷೆ, ಧೂಳಿನ ಪ್ರಮಾಣಕ್ಕೆ ತಕ್ಕಂತೆ ಬದಲಾವಣೆ

ಧೂಳಿನ ರಸ್ತೆ, ಅತಿಯಾದ ಸೆಕೆ, ನಿಂತು ನಿಂತು ಸಾಗುವ ನಗರ ಸಂಚಾರ ಹಾಗೂ ಕೆಲವೇ ಕಿಲೋಮೀಟರ್‌ಗಳ ಓಡಾಟವನ್ನು ಕೈಪಿಡಿಗಳು ತೀವ್ರ ಬಳಕೆ ಎಂದು ಪರಿಗಣಿಸುತ್ತವೆ. ಬೆಂಗಳೂರಿನಂತಹ ನಗರದ ವಾಹನ ದಟ್ಟಣೆಯಲ್ಲಿ ಕಾರು ಮುಂದೆ ಸಾಗದಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಆದುದರಿಂದ ಮೀಟರಿನ ಅಂಕಿಯು ಆಯಿಲ್‌ನ ನಿಜವಾದ ಸ್ಥಿತಿಯನ್ನು ತೋರಿಸುವುದಿಲ್ಲ. ಹತ್ತಿರದ ಓಡಾಟದಲ್ಲಿ ಆಯಿಲ್ ಸಾಕಷ್ಟು ಬಿಸಿಯಾಗದೆ ಅದರಲ್ಲಿ ಸೇರಿದ ತೇವಾಂಶ ಮತ್ತು ಇಂಧನ ಆವಿಯಾಗದೆ ಉಳಿಯುತ್ತವೆ.

ಎಂಜಿನ್ ಆಯಿಲ್

ಎಂಜಿನ್ ಆಯಿಲ್ ಘರ್ಷಣೆಯನ್ನು ತಗ್ಗಿಸುವುದಲ್ಲದೆ ಶಾಖವನ್ನು ಸಾಗಿಸುತ್ತದೆ, ಮಸಿಯನ್ನು ತನ್ನಲ್ಲಿ ತೇಲಿಸಿಕೊಳ್ಳುತ್ತದೆ ಮತ್ತು ತುಕ್ಕನ್ನು ತಡೆಯುತ್ತದೆ. ಡಬ್ಬಿಯ ಮೇಲಿನ 10ಡಬ್ಲ್ಯು-30 ಎಂಬಂತಹ ಗುರುತು ಅದರ ಸ್ನಿಗ್ಧತೆಯನ್ನು ಸೂಚಿಸುತ್ತದೆ. ಮೊದಲ ಅಂಕಿ ಚಳಿಯಲ್ಲಿನ ಹರಿವಿಗೂ ಎರಡನೆಯದು ಬಿಸಿಯಾದ ಎಂಜಿನ್‌ನಲ್ಲಿನ ಸ್ನಿಗ್ಧತೆಗೂ ಸಂಬಂಧಿಸಿದೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ವರ್ಗೀಕರಣದಲ್ಲಿ ‘ಎಸ್’ ಅಕ್ಷರದಿಂದ ಆರಂಭವಾಗುವ ದರ್ಜೆಗಳು ಪೆಟ್ರೋಲ್ ಎಂಜಿನ್‌ಗೂ ‘ಸಿ’ಯಿಂದ ಆರಂಭವಾಗುವವು ಡೀಸೆಲ್ ಎಂಜಿನ್‌ಗೂ ಮೀಸಲು.

ಆಯಿಲ್ ಕಪ್ಪಾಗಿದೆ ಎಂಬ ಕಾರಣಕ್ಕೆ ಅದು ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಮಸಿಯನ್ನು ತೇಲಿಸಿಟ್ಟುಕೊಳ್ಳುವುದು ಅದರ ಗುಣವೇ ಆಗಿದ್ದು, ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬಹುಬೇಗ ಕಪ್ಪಾಗುತ್ತದೆ. ಅದು ಹಾಲು ಬೆರೆತಂತೆ ಮಬ್ಬಾಗಿದ್ದರೆ ನೀರು ಅಥವಾ ಕೂಲೆಂಟ್ ಸೇರಿರುವ ಶಂಕೆಯಿರುತ್ತದೆ. ಹೆಡ್ ಗ್ಯಾಸ್ಕೆಟ್ ಸೋರುತ್ತಿರುವುದು ಇದಕ್ಕೆ ಒಂದು ಕಾರಣ.

ಬದಲಾಯಿಸುವ ಮುನ್ನ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ಬೆಚ್ಚಗಾಗಿಸಿದರೆ ಆಯಿಲ್ ಸುಲಭವಾಗಿ ಹರಿಯುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್‌ನ್ನು ಪಾತ್ರೆಗೆ ಇಳಿಸಲಾಗುತ್ತದೆ. ಬೋಲ್ಟಿನ ವಾಷರನ್ನು ಹೊಸದಾಗಿ ಹಾಕುವುದು ಉತ್ತಮ. ಹಳೆಯ ಫಿಲ್ಟರ್ ತೆಗೆದಾಗ ಅದರ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎರಡು ಉಂಗುರಗಳು ಒಂದರ ಮೇಲೊಂದು ಕುಳಿತರೆ ಆಯಿಲ್ ರಭಸದಿಂದ ಸೋರಿಹೋಗಬಹುದು. ಹೊಸ ಫಿಲ್ಟರಿನ ಉಂಗುರಕ್ಕೆ ತುಸು ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡಲಾಗುತ್ತದೆ. ಆಯಿಲ್ ತುಂಬಿ, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ ಬಳಿಕ ಮಟ್ಟವು ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವೆ ಇರಬೇಕು. ಅಗತ್ಯಕ್ಕಿಂತ ಹೆಚ್ಚು ತುಂಬಿದರೆ ಆಯಿಲ್ ನೊರೆಯಾಗಿ ಅದರ ಒತ್ತಡ ಕುಗ್ಗಬಹುದು.

ಸವೆದ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ಗಳಿರುವ ಹಳೆಯ ಎಂಜಿನ್ ಆಯಿಲ್‌ನ್ನು ಸುಡುತ್ತದೆ. ನೀಲಿ ಬಣ್ಣದ ಹೊಗೆ ಇದರ ಲಕ್ಷಣ. ಇಂತಹ ಕಾರಿನಲ್ಲಿ ಸರ್ವಿಸ್ ದಿನಾಂಕಕ್ಕಾಗಿ ಕಾಯದೆ ಆಗಾಗ ಮಟ್ಟವನ್ನು ನೋಡುತ್ತಿರಬೇಕಾಗುತ್ತದೆ.

ಬ್ರೇಕ್ ಆಯಿಲ್

ರೂಢಿಯಲ್ಲಿ ಬ್ರೇಕ್ ಆಯಿಲ್ ಎನ್ನುವ ದ್ರವವು ವಾಸ್ತವವಾಗಿ ಖನಿಜ ತೈಲವಲ್ಲ. ಡಾಟ್ 3, ಡಾಟ್ 4 ಮತ್ತು ಡಾಟ್ 5.1 ದರ್ಜೆಯವು ಗ್ಲೈಕಾಲ್ ಆಧಾರಿತ ದ್ರವಗಳು. ಇವು ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತವೆ. ಕಾರು ಒಂದೆಡೆ ನಿಂತಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ.

ನೀರು ಸೇರಿದಂತೆ ದ್ರವದ ಕುದಿಯುವ ಬಿಂದು ಇಳಿಯುತ್ತದೆ. ಮಾನದಂಡದ ಪ್ರಕಾರ ಹೊಸ ಡಾಟ್ 3 ದ್ರವದ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ತೇವಗೊಂಡಾಗ ಕನಿಷ್ಠ 140 ಡಿಗ್ರಿ ಇರಬೇಕು. ಡಾಟ್ 4ಕ್ಕೆ ಈ ಮಿತಿಗಳು ಕ್ರಮವಾಗಿ 230 ಮತ್ತು 155 ಡಿಗ್ರಿ. ಘಾಟಿ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಒತ್ತಿದಾಗ ಹುಟ್ಟುವ ಶಾಖಕ್ಕೆ ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳು ಉಂಟಾಗಬಹುದು. ದ್ರವದಂತಲ್ಲದೆ ಆವಿಯು ಒತ್ತಡಕ್ಕೆ ಕುಗ್ಗುವುದರಿಂದ ಪೆಡಲ್ ಕೆಳಕ್ಕೆ ಹೋದರೂ ಬ್ರೇಕ್ ಹಿಡಿಯುವುದಿಲ್ಲ. ಸಮತಟ್ಟಾದ ಊರಿನ ರಸ್ತೆಯಲ್ಲಿ ಈ ದೋಷ ಗೋಚರಿಸದೆ, ಶಿರಾಡಿ ಅಥವಾ ಆಗುಂಬೆಯಂತಹ ಘಾಟಿಯಲ್ಲಿ ಮೊದಲ ಬಾರಿಗೆ ಪ್ರಕಟವಾಗುವ ಸಾಧ್ಯತೆಯಿದೆ. ಇದರ ಜೊತೆಗೆ ತೇವಾಂಶವು ಸಿಲಿಂಡರ್ ಮತ್ತು ಕೊಳವೆಗಳಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ.

ಬ್ರೇಕ್ ಆಯಿಲ್‌ನ ಮಟ್ಟ ಇಳಿದರೆ ಕಾರಣವನ್ನು ಅರಿಯದೆ ಕೇವಲ ಮೇಲಿನಿಂದ ತುಂಬುವುದು ಸರಿಯಲ್ಲ. ಪ್ಯಾಡ್‌ಗಳು ಸವೆದಾಗಲೂ ಸೋರಿಕೆಯಿದ್ದಾಗಲೂ ಮಟ್ಟ ಇಳಿಯುತ್ತದೆ. ಈ ವ್ಯವಸ್ಥೆಗೆ ಎಂಜಿನ್ ಆಯಿಲ್ ಅಥವಾ ಸ್ಟಿಯರಿಂಗ್ ಆಯಿಲ್ ಸೇರಿದರೆ ರಬ್ಬರ್ ಸೀಲ್‌ಗಳು ಉಬ್ಬಿ ಬ್ರೇಕ್ ವಿಫಲವಾಗುತ್ತದೆ. ಹಳೆಯ ಕಾರಿನಲ್ಲಿ ಗಾಳಿ ತೆಗೆಯುವ ಬ್ಲೀಡರ್ ತುಕ್ಕು ಹಿಡಿದು ಮುರಿಯಬಹುದು. ಪೆಡಲನ್ನು ತಳದವರೆಗೆ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಸೀಲ್ ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಹಾಳಾಗುವುದೂ ಉಂಟು. ಆದುದರಿಂದ ಮನೆಯಲ್ಲಿ ಮಟ್ಟ ಮತ್ತು ಬಣ್ಣವನ್ನು ಪರೀಕ್ಷಿಸಿ, ಬದಲಾವಣೆಯನ್ನು ಅನುಭವಿ ಮೆಕ್ಯಾನಿಕ್‌ಗೆ ವಹಿಸುವುದು ಸುರಕ್ಷಿತ ಕ್ರಮ.

ಕೂಲೆಂಟ್

ಕೂಲೆಂಟ್ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ನೀರು ಮತ್ತು ತುಕ್ಕುನಿರೋಧಕ ರಾಸಾಯನಿಕಗಳ ಮಿಶ್ರಣ. ಕಾಲಕ್ರಮದಲ್ಲಿ ಗ್ಲೈಕಾಲ್ ಉಳಿದಿದ್ದರೂ ತುಕ್ಕುನಿರೋಧಕಗಳು ಕ್ಷಯಿಸುತ್ತವೆ. ಹಿಮ ಬೀಳದ ಪ್ರದೇಶದಲ್ಲಿಯೂ ಬರಿಯ ನೀರು ಸಾಲದು ಎಂಬುದಕ್ಕೆ ಇದೇ ಮುಖ್ಯ ಕಾರಣ. ಕರ್ನಾಟಕದ ಹಲವು ಕಡೆ ದೊರೆಯುವ ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನೊಳಗೆ ಸುಣ್ಣದ ಪದರವನ್ನು ಕಟ್ಟುವುದರಿಂದ ಡಿಸ್ಟಿಲ್ಡ್ ವಾಟರ್ ಬಳಸಬೇಕು. ಬಣ್ಣ ಒಂದೇ ಆಗಿದ್ದ ಮಾತ್ರಕ್ಕೆ ಎರಡು ಕೂಲೆಂಟ್‌ಗಳು ಹೊಂದಿಕೊಳ್ಳುತ್ತವೆ ಎನ್ನಲಾಗದು. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆರೆದರೆ ಒತ್ತಡದಲ್ಲಿರುವ ದ್ರವವು ಚಿಮ್ಮಿ ತೀವ್ರ ಸುಟ್ಟಗಾಯ ಉಂಟುಮಾಡುತ್ತದೆ. ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷವಾದ ಕಾರಣ ಅದನ್ನು ಮಕ್ಕಳು, ನಾಯಿ, ಬೆಕ್ಕುಗಳಿಂದ ದೂರವಿಡಬೇಕು.

ಇತರ ದ್ರವಗಳು

ಗೇರ್ ಆಯಿಲ್‌ನ ದರ್ಜೆ ಕೈಪಿಡಿಯಲ್ಲಿ ಹೇಳಿದಂತೆಯೇ ಇರಬೇಕು. ಜಿಎಲ್-4 ಸೂಚಿಸಿದ ಗೇರ್‌ಬಾಕ್ಸ್‌ಗೆ ಜಿಎಲ್-5 ಹಾಕಿದರೆ ಕೆಲವು ಕಾರುಗಳಲ್ಲಿ ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳಿಗೆ ಹಾನಿಯಾಗುತ್ತದೆ. ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ತುಂಬುವ ಬೋಲ್ಟ್ ಸಡಿಲವಾಗುತ್ತದೆಯೇ ಎಂದು ನೋಡುವುದು ವಿವೇಕ; ಇಲ್ಲವಾದರೆ ಖಾಲಿ ಗೇರ್‌ಬಾಕ್ಸ್‌ಗೆ ಆಯಿಲ್ ತುಂಬಲಾಗದ ಸ್ಥಿತಿ ಒದಗುತ್ತದೆ. ಮುಚ್ಚಳ ತೆರೆಯಬಹುದಾದ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಸೇರಿಸಬೇಕು, ಆ್ಯಸಿಡ್ ಅಲ್ಲ.

ಫಿಲ್ಟರ್‌ಗಳು

ಏರ್ ಫಿಲ್ಟರ್ ಬದಲಾವಣೆಯು ಮನೆಯಲ್ಲಿ ಮಾಡಬಹುದಾದ ಅತ್ಯಂತ ಸರಳ ಕೆಲಸ. ಕಟ್ಟಿಕೊಂಡ ಏರ್ ಫಿಲ್ಟರ್‌ನಿಂದ ಮೈಲೇಜ್ ಕುಸಿಯುತ್ತದೆ ಎಂಬ ನಂಬಿಕೆ ಕಾರ್ಬ್ಯುರೇಟರ್ ಕಾಲದ್ದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಂಪ್ಯೂಟರ್ ನಿಯಂತ್ರಿತ ಇಂಧನ ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳಲ್ಲಿ ಇದರಿಂದ ಮೈಲೇಜ್‌ಗೆ ಗಣನೀಯ ವ್ಯತ್ಯಾಸವಾಗುವುದಿಲ್ಲ, ಆದರೆ ವೇಗವರ್ಧನೆ ಕುಗ್ಗುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಹಾಗೂ ಆರಂಭದ ಮಾರುತಿ 800ರಂತಹ ಕಾರ್ಬ್ಯುರೇಟರ್ ಕಾರುಗಳಿಗೆ ಈ ಮಾತು ಅನ್ವಯಿಸದು. ಕಾಗದದ ಫಿಲ್ಟರಿಗೆ ರಭಸದಿಂದ ಗಾಳಿ ಹೊಡೆದರೆ ಅದು ಹರಿದು ಧೂಳು ನೇರವಾಗಿ ಎಂಜಿನ್ ಸೇರುತ್ತದೆ.

ಡೀಸೆಲ್ ಫಿಲ್ಟರಿನ ತಳದಲ್ಲಿ ಸಂಗ್ರಹವಾಗುವ ನೀರನ್ನು ಕಾಲಕಾಲಕ್ಕೆ ಹೊರಬಿಡಬೇಕು. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರಿನ ಇಂಧನ ಕೊಳವೆಯಲ್ಲಿ ಎಂಜಿನ್ ನಿಂತ ಮೇಲೂ ಒತ್ತಡ ಉಳಿದಿರುವುದರಿಂದ ಅದನ್ನು ಬಿಚ್ಚುವಾಗ ಬೆಂಕಿಯ ಅಪಾಯವಿದೆ.

ಸುರಕ್ಷತೆ

ಜಾಕ್ ಕಾರನ್ನು ಎತ್ತುವುದಕ್ಕಷ್ಟೇ ಹೊರತು ಹಿಡಿದಿಡುವುದಕ್ಕಲ್ಲ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ಚಕ್ರಗಳಿಗೆ ತಡೆ ಕೊಟ್ಟು, ಜಾಕ್ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸದೆ ಕಾರಿನ ಕೆಳಗೆ ಹೋಗಬಾರದು. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳು ಭಾರಕ್ಕೆ ಥಟ್ಟನೆ ಒಡೆಯುತ್ತವೆ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವು ಪ್ರಾಣಾಂತಿಕವಾಗಬಹುದು.

ಬಳಸಿದ ದ್ರವಗಳ ವಿಲೇವಾರಿ

ಬಳಸಿದ ಎಂಜಿನ್ ಆಯಿಲ್‌ನಲ್ಲಿ ಲೋಹದ ಕಣಗಳೂ ಆರೋಗ್ಯಕ್ಕೆ ಹಾನಿಕರವಾದ ಹೈಡ್ರೋಕಾರ್ಬನ್‌ಗಳೂ ಇರುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ, ಒಂದು ಸಲದ ಬದಲಾವಣೆಯಿಂದ ಹೊರಬರುವ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು. ಗೆದ್ದಲು ತಡೆಯಲು ಇದನ್ನು ಮರಕ್ಕೆ ಬಳಿಯುವ ರೂಢಿ ಇದ್ದರೂ, ಅದು ಮಳೆಗೆ ತೊಳೆದು ಮಣ್ಣನ್ನೂ ಬಾವಿಯನ್ನೂ ಸೇರುತ್ತದೆ. ಭಾರತದಲ್ಲಿ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಆಯಿಲ್‌ಗೂ ಅನ್ವಯಿಸುತ್ತವೆ. 2023ರ ತಿದ್ದುಪಡಿಯು ಅದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೂ ಹೊರಿಸಿದೆ. ಮನೆಯಲ್ಲಿ ಸಂಗ್ರಹವಾದ ಆಯಿಲ್‌ನ್ನು ಕೂಲೆಂಟ್ ಅಥವಾ ಬ್ರೇಕ್ ಆಯಿಲ್‌ನೊಂದಿಗೆ ಬೆರೆಸದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ಸರ್ವಿಸ್ ಕೇಂದ್ರಕ್ಕೆ ನೀಡಬೇಕು.

ದಾಖಲೆ

ಪ್ರತಿ ಬದಲಾವಣೆಯ ದಿನಾಂಕ, ಮೀಟರಿನ ಅಂಕಿ, ದ್ರವದ ದರ್ಜೆ ಮತ್ತು ಪ್ರಮಾಣವನ್ನು ಬರೆದಿಟ್ಟರೆ ಮುಂದಿನ ಅವಧಿ ಸ್ಪಷ್ಟವಾಗುತ್ತದೆ. ಎರಡು ದಾಖಲೆಗಳ ನಡುವೆ ಎಷ್ಟು ಆಯಿಲ್ ಅಥವಾ ಕೂಲೆಂಟ್ ಕಡಿಮೆಯಾಗಿದೆ ಎಂಬುದು ಸೋರಿಕೆ ಮತ್ತು ಸವೆತದ ಮೊದಲ ಸೂಚನೆಯಾಗಿರುತ್ತದೆ.