ಹದಿಮೂರು ನಿಮಿಷದ ಚೊಚ್ಚಲ ರಾತ್ರಿ

1993ರ ಸೆಪ್ಟೆಂಬರ್ 21ರಂದು ಟೋಕಿಯೊ ಮಗ್ಗುಲಿನ ಉರಾಯಾಸುವಿನಲ್ಲಿ ಪ್ಯಾಂಕ್ರೇಸ್ ಎಂಬ ಕಾದಾಟ ಪಂದ್ಯಗಳ ಸಂಸ್ಥೆ ತನ್ನ ಮೊದಲ ಪ್ರದರ್ಶನ ನಡೆಸಿತು. ಐದು ಪಂದ್ಯಗಳಲ್ಲಿ ಕಾದಾಟ ನಡೆದದ್ದು ಒಟ್ಟು 13 ನಿಮಿಷ 5 ಸೆಕೆಂಡು ಮಾತ್ರ. ಡಚ್ ಹೊಡೆತಗಾರ ಬಾಸ್ ರುಟೆನ್ 43 ಸೆಕೆಂಡಿನಲ್ಲೇ ಎದುರಾಳಿಯನ್ನು ಕೆಡವಿದ. ಸಂಸ್ಥೆ ಕಟ್ಟಿದವರಲ್ಲೊಬ್ಬನಾದ ಮಸಕತ್ಸು ಫುನಾಕಿ ಅಂದಿನ ಮುಖ್ಯ ಪಂದ್ಯದಲ್ಲಿ ಅಮೆರಿಕದ ಕೆನ್ ಶ್ಯಾಮ್‌ರಾಕ್‌ನ ಕತ್ತುಪಟ್ಟಿಗೆ ಸಿಕ್ಕಿ ಸೋತ. ಜಪಾನಿನ ವೃತ್ತಿಪರ ಕುಸ್ತಿಯಿಂದ ಪ್ಯಾಂಕ್ರೇಸ್ ಸಂಬಂಧ ಕಡಿದುಕೊಂಡ ರಾತ್ರಿಯಿದು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಇದು ಆ ಕುಸ್ತಿಯ ಹೊಟ್ಟೆಯಲ್ಲೇ ಹುಟ್ಟಿದ ಕೂಸು.

ಸಾಕ್ಷ್ಯ ನಿಯಮಗಳಲ್ಲೇ ಇದೆ. ಆಗ ಮುಖಕ್ಕೆ ಮುಷ್ಟಿಯಿಂದ ಗುದ್ದುವಂತಿರಲಿಲ್ಲ, ಅಂಗೈಯಿಂದ ಬಡಿಯಬಹುದಿತ್ತು. ಪಟ್ಟಿಗೆ ಸಿಕ್ಕವನು ಹಗ್ಗ ಹಿಡಿದರೆ ಬಿಡುಗಡೆ ಸಿಗುತ್ತಿತ್ತು, ಆದರೆ ಅಂಕ ಖೋತಾ. ಕಾಲಿಗೆ ಕುಸ್ತಿಯ ಬೂಟು. ಇದೆಲ್ಲ ಯುಡಬ್ಲ್ಯುಎಫ್ ಎಂಬ ಕುಸ್ತಿ ಸಂಸ್ಥೆಯ ಪಂಥದಿಂದ ಬಂದ ಬಳುವಳಿ. ಫುನಾಕಿ, ಅವನೊಂದಿಗೆ ಪ್ಯಾಂಕ್ರೇಸ್ ಕಟ್ಟಿದ ಮಿನೋರು ಸುಝುಕಿ ಇಬ್ಬರೂ ಅಲ್ಲಿ ಪಳಗಿ, ಫುಜಿವಾರಾ ಗುಮಿ ಎಂಬ ಬಣ ಸೇರಿ, ಅದನ್ನೂ ಬಿಟ್ಟು ಬಂದವರು. ಅವರು ಹಳೆಯ ಕಣವನ್ನೇ ಉಳಿಸಿಕೊಂಡು, ಫಲಿತಾಂಶವನ್ನು ಮೊದಲೇ ಗೊತ್ತುಮಾಡುವ ಪದ್ಧತಿಯನ್ನು ಮಾತ್ರ ಕೈಬಿಡಹೊರಟರು.

ನಿಜವಾಗಿ ಕೈಬಿಟ್ಟರೇ ಎಂಬ ಸಂಶಯ ಅಂದಿನಿಂದಲೂ ಇದೆ. ಆರಂಭದ ವರ್ಷಗಳ ಕೆಲವು ಪಂದ್ಯಗಳ ಮೇಲೆ ಒಳಒಪ್ಪಂದದ ಗುಮಾನಿ ತಪ್ಪಿಲ್ಲ. ಧಣಿ ಫುನಾಕಿಯೇ ಸೋತದ್ದನ್ನು ಪ್ರಾಮಾಣಿಕತೆಯ ಪುರಾವೆ ಎನ್ನುವುದೂ ದುರ್ಬಲ ವಾದ. ಮುಂದಿನ ಸೇಡಿನ ಪಂದ್ಯಕ್ಕೆ ಟಿಕೆಟ್ ಮಾರಲು ಕುಸ್ತಿಯಲ್ಲಿ ಧಣಿಗಳು ಬೇಕೆಂದೇ ಸೋತದ್ದುಂಟು. ನನಗೆ ಅದಕ್ಕಿಂತ ಗಟ್ಟಿ ಎನಿಸುವುದು ಆ 13 ನಿಮಿಷ. ದುಡ್ಡು ಕೊಟ್ಟು ಬಂದ ಜನಕ್ಕೆ ಇಷ್ಟು ಚುಟುಕು ಆಟ ಉಣಬಡಿಸಲು ಯಾವ ಸಂಘಟಕ ತಾನೇ ಯೋಜನೆ ಹಾಕಿಯಾನು? ಗುಟ್ಟಾಗಿ ಹೆಣೆದ ಆಟಕ್ಕೆ ಏರಿಳಿತ ಬೇಕು, ಸೋಲಿನ ಅಂಚಿನಿಂದ ಮೇಲೇಳುವ ನಾಯಕ ಬೇಕು. ಅಂದು ಇವೆರಡಕ್ಕೂ ಸಮಯವೇ ಸಿಗಲಿಲ್ಲ.

ಸತೋರು ಸಯಾಮಾ ಕಟ್ಟಿದ ಶೂಟೊ ಸಂಸ್ಥೆ 1989ರಲ್ಲೇ ಇಂಥ ನೈಜ ಕಾದಾಟದ ವೃತ್ತಿಪರ ಪಂದ್ಯ ನಡೆಸಿತ್ತಲ್ಲ ಎಂಬ ಆಕ್ಷೇಪ ನ್ಯಾಯವೇ. ಮೊದಲಿಗನೆಂಬ ಪಟ್ಟ ಪ್ಯಾಂಕ್ರೇಸ್‌ಗೆ ಸಲ್ಲದು. ಆದರೆ ಸಯಾಮಾ ಕೂಡ ಹುಲಿ ಮುಖವಾಡ ತೊಟ್ಟು ಮೆರೆದಿದ್ದ ಕುಸ್ತಿತಾರೆಯೇ. ಹಾಗಾಗಿ ಈ ಆಕ್ಷೇಪ ನನ್ನ ವಾದಕ್ಕೆ ಒತ್ತಾಸೆಯೇ ಆಗುತ್ತದೆ. ಇನ್ನು 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಎಂಬ ಕಾದಾಟ ಸ್ಪರ್ಧೆ ಶುರುವಾದಾಗ ಕೇಳಿದ ಪ್ರಶ್ನೆಯೇ ಬೇರೆ: ಯಾವ ವಿದ್ಯೆ ಮೇಲು? ಅಲ್ಲಿ ಶ್ಯಾಮ್‌ರಾಕ್ ಪ್ಯಾಟ್ರಿಕ್ ಸ್ಮಿತ್‌ನನ್ನು ಹಿಮ್ಮಡಿ ತಿರುಚಿ ಮಣಿಸಿದ. ಆಮೇಲೆ ಜಿಯು-ಜಿತ್ಸು ಪಟು ರಾಯ್ಸ್ ಗ್ರೇಸಿ ಅವನ ಕತ್ತು ಬಿಗಿದ. ಆ ಕಣಕ್ಕೆ ಹಗ್ಗವೇ ಇರಲಿಲ್ಲ.