ಹಾಸನದಿಂದ ಪ್ಯಾರಿಸ್‌ವರೆಗೆ: ಸುಹಾಸ್ ಯತಿರಾಜ್ ಅವರ ಆಟದ ಇತಿಹಾಸ

ಸುವರ್ಣ ಮಹೋತ್ಸವ ಸಂಚಿಕೆಗೆ ಇತಿಹಾಸದ ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಬೀದರ ಕೋಟೆಯ ಮೇಲೋ, 1472ರಲ್ಲಿ ಮುಗಿದ ಮಹಮೂದ್ ಗವಾನರ ಮದರಸಾ ಮೇಲೋ ಬರೆಯುತ್ತೇನೆಂದು ಅವರು ಎಣಿಸಿರಬೇಕು. ಭಾಲ್ಕಿಯವನಾದ್ದರಿಂದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮ ತಾಲ್ಲೂಕಿನ ಎಲ್ಲರ ಬಾಯಲ್ಲೂ ಇದೆ. ಅದನ್ನು ಈ ಸಂಚಿಕೆಯಲ್ಲಿ ನನಗಿಂತ ಬಲ್ಲವರು ಬರೆದಿರುತ್ತಾರೆ. ನಾನು ಆಟದ ಇತಿಹಾಸ ಬರೆಯುತ್ತೇನೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಆಟಕ್ಕೆ ಜಾಗ ಕಡಿಮೆ. ಅದರಲ್ಲೂ ಅಂಗವಿಕಲರ ಆಟಕ್ಕೆ ಇಲ್ಲವೇ ಇಲ್ಲವೆನ್ನಬೇಕು.

ಸುಹಾಸ್ ಲಾಳಿನಕೆರೆ ಯತಿರಾಜ್ ಹುಟ್ಟಿದ್ದು 1983ರ ಜುಲೈ 2ರಂದು, ಹಾಸನದಲ್ಲಿ. ಒಂದು ಪಾದದ ಕೀಲಿನಲ್ಲಿ ಹುಟ್ಟಿನಿಂದಲೇ ನ್ಯೂನತೆ. ತಂದೆ ಸರ್ಕಾರಿ ನೌಕರರು. ಮೊದಲ ಓದು ಹಾಸನ ಜಿಲ್ಲೆಯ ದುದ್ದ ಎಂಬ ಹಳ್ಳಿಯಲ್ಲಿ, ಮುಂದಿನದು ಶಿವಮೊಗ್ಗದಲ್ಲಿ. ಆಮೇಲೆ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್, 2004ರಲ್ಲಿ ಪದವಿ. ಮರುವರ್ಷ ತಂದೆ ತೀರಿಕೊಂಡರು. ತಮ್ಮ ಕಾಲಿನ ನೆಪ ಹೇಳಿ ಯಾವುದಕ್ಕೂ ತಡೆಯದವರು ತಂದೆ ಎಂದು ಸುಹಾಸ್ ಹಲವು ಸಲ ಹೇಳಿಕೊಂಡಿದ್ದಾರೆ. 2007ರ ತಂಡದಲ್ಲಿ ಐಎಎಸ್ ಸೇರಿದರು. ಸಿಕ್ಕಿದ್ದು ಉತ್ತರ ಪ್ರದೇಶ. ನಾವು ಡಿಸಿ ಸಾಹೇಬರು ಎನ್ನುವವರನ್ನು ಅಲ್ಲಿ ಡಿಎಂ ಎನ್ನುತ್ತಾರೆ. ಆ ಹುದ್ದೆಯಲ್ಲಿ ಅವರು ಹಲವು ಜಿಲ್ಲೆ ಸುತ್ತಿದರು.

ಇಷ್ಟರವರೆಗೆ ಇದು ಒಬ್ಬ ಜಾಣ ವಿದ್ಯಾರ್ಥಿಯ ಕಥೆ. ಬ್ಯಾಡ್ಮಿಂಟನ್ ಕಚೇರಿ ಮುಗಿದ ಮೇಲಿನ ಹವ್ಯಾಸವಾಗಿತ್ತು. ಆಜಮ್‌ಗಢದಲ್ಲಿ ಡಿಎಂ ಆಗಿದ್ದಾಗ ಒಂದು ಟೂರ್ನಿಯ ಉದ್ಘಾಟನೆಗೆ ಅತಿಥಿಯಾಗಿ ಹೋದವರು ತಾವೂ ರ‍್ಯಾಕೆಟ್ ಹಿಡಿದರು. ನಮ್ಮ ಕಡೆ ಅತಿಥಿಗಳು ಒಂದು ಸರ್ವಿಸ್ ಹೊಡೆದು, ಫೋಟೊ ತೆಗೆಸಿಕೊಂಡು ಹಾರದೊಂದಿಗೆ ಮರಳುವುದು ವಾಡಿಕೆ. ಇವರು ನಿಂತು ಆಡಿದರು. ಪ್ಯಾರಾ ಬ್ಯಾಡ್ಮಿಂಟನ್ ತರಬೇತುದಾರ ಗೌರವ್ ಖನ್ನಾ ಅವರ ಕಣ್ಣಿಗೆ ಬಿದ್ದರು. 2016ರ ನವೆಂಬರಿನಲ್ಲಿ ಬೀಜಿಂಗಿನ ಏಷ್ಯನ್ ಪ್ಯಾರಾ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನಲ್ಲಿ ಇಂಡೊನೇಷ್ಯಾದ ಹರಿ ಸುಸಾಂತೊ ಅವರನ್ನು ಫೈನಲ್ಲಿನಲ್ಲಿ ಸೋಲಿಸಿ ಚಿನ್ನ ಗೆದ್ದರು. ಆಗ ವಯಸ್ಸು 33. ಬಹಳ ಆಟಗಾರರು ನಿವೃತ್ತಿಯ ಮಾತಾಡುವ ವಯಸ್ಸು ಅದು.

ತಡವಾಗಿ ಬಂದದ್ದು ಅವರೊಬ್ಬರೇ ಅಲ್ಲ, ಆಟವೂ ತಡವಾಗಿಯೇ ಬಂತು. ನಮ್ಮ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದದ್ದು 1980ರಲ್ಲಿ. ಬ್ಯಾಡ್ಮಿಂಟನ್‌ಗೆ ಒಲಿಂಪಿಕ್ಸ್‌ನಲ್ಲಿ ಪದಕ ಕೊಡಲು ಆರಂಭಿಸಿದ್ದು 1992ರಲ್ಲಿ. ಪ್ಯಾರಾ ಬ್ಯಾಡ್ಮಿಂಟನ್‌ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನೆದರ್ಲೆಂಡ್ಸ್‌ನಲ್ಲಿ 1998ರಲ್ಲೇ ನಡೆದಿದ್ದರೂ ಪ್ಯಾರಾಲಿಂಪಿಕ್ಸ್‌ನ ಬಾಗಿಲು ತೆರೆದದ್ದು ಟೋಕಿಯೊದಲ್ಲಿ, 2021ರಲ್ಲಿ. ಒಲಿಂಪಿಕ್ಸ್‌ಗಿಂತ 29 ವರ್ಷ ಹಿಂದೆ! ಈ 29 ವರ್ಷಗಳಲ್ಲಿ ಎಷ್ಟು ಜನ ಆಡಿ, ಪದಕದ ವೇದಿಕೆ ನೋಡದೆ ಮನೆಗೆ ಹೋಗಿರಬೇಡ?

ಆಟದ ನಿಯಮವನ್ನೂ ಸ್ವಲ್ಪ ಹೇಳಬೇಕು. ಆಟಗಾರರನ್ನು ಆರು ವರ್ಗ ಮಾಡುತ್ತಾರೆ. ಗಾಲಿಕುರ್ಚಿಯಲ್ಲಿ ಆಡುವವರಿಗೆ ಎರಡು, ನಿಂತು ಆಡುವವರಲ್ಲಿ ಕಾಲಿನ ತೊಂದರೆ ಇರುವವರಿಗೆ ಎಸ್‌ಎಲ್ 3 ಮತ್ತು ಎಸ್‌ಎಲ್ 4, ಕೈಯ ತೊಂದರೆಗೆ ಎಸ್‌ಯು 5, ಕುಳ್ಳಗಿರುವವರಿಗೆ ಎಸ್‌ಎಚ್ 6. ಎಸ್‌ಎಲ್ 3ರವರು ಸಿಂಗಲ್ಸ್‌ನಲ್ಲಿ ಅರ್ಧ ಅಂಕಣದಲ್ಲಿ ಆಡುತ್ತಾರೆ. ಸುಹಾಸ್ ಎಸ್‌ಎಲ್ 4. ಅವರಿಗೆ ಪೂರ್ತಿ ಅಂಕಣ: 13.40 ಮೀಟರ್ ಉದ್ದ, 5.18 ಮೀಟರ್ ಅಗಲ, ಉಳಿದವರಿಗೆ ಇರುವ ಅದೇ ನೆಟ್. ರಿಯಾಯಿತಿ ಇಲ್ಲ.

ಈ ವಿಷಯ ನನಗೆ ಮುಖ್ಯವಾಗಲು ಕಾರಣ ನಮ್ಮ ಮೈದಾನ. ಡ್ರಿಲ್ ಪೀರಿಯಡ್‌ನಲ್ಲಿ ಕಾಲು ಸರಿಯಿಲ್ಲದ ಮಕ್ಕಳು ಬೇವಿನ ಗಿಡದ ಕೆಳಗೆ ಕೂತು ಉಳಿದವರ ಚಪ್ಪಲಿ ಕಾಯುವುದನ್ನು, ಅಂಕ ಬರೆಯುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಯಾರೂ ಅವರನ್ನು ಬೈದು ಕೂರಿಸಿದ್ದಲ್ಲ. ಬೀಳುತ್ತಾರೆಂಬ ಕರುಣೆಯಿಂದಲೇ ಕೂರಿಸಿದ್ದು. ಟೋಕಿಯೊದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ತರಗತಿಯಲ್ಲಿ ಓದಿ ಹೇಳಿದೆ. ಹಾಗೆ ಅಂಕ ಬರೆಯುತ್ತಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ಪದಕದ ಬಗ್ಗೆ ಕೇಳಲೇ ಇಲ್ಲ. "ಸರ್, ಅವರಿಗಿ ಅರ್ಧ ಕೋರ್ಟೋ, ಪೂರಾ ಕೋರ್ಟೋ?" ಎಂದ. ಪೂರಾ ಅಂದೆ. ಆ ವಾರ ಡ್ರಿಲ್ ಸರ್ ಸುಣ್ಣದ ಪುಡಿಯಿಂದ ಅಂಕಣದ ನಡುವೆ ಉದ್ದಕ್ಕೂ ಒಂದು ಗೆರೆ ಎಳೆದರು. ಹುಡುಗ ಆ ಅರ್ಧದಲ್ಲಿ ಶುರು ಮಾಡಿದ. ಬಿದ್ದ, ಎದ್ದ, ಮೊಣಕಾಲು ಕೆತ್ತಿಸಿಕೊಂಡ. ಅಂಕ ಬರೆಯಲು ಬೇರೆಯವರನ್ನು ಹುಡುಕಬೇಕಾಯಿತು.

ಇನ್ನು ಟೋಕಿಯೊ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಹಬ್ಬುತ್ತಿದ್ದಾಗ, ಸುಹಾಸ್ ಅವರನ್ನು ದಿಲ್ಲಿಗೆ ತಗುಲಿದ ಗೌತಮ ಬುದ್ಧ ನಗರಕ್ಕೆ ಡಿಎಂ ಆಗಿ ಕಳಿಸಿದ್ದರು. ಹಗಲೆಲ್ಲ ರೋಗದ ಕೆಲಸ, ಅಭ್ಯಾಸ ರಾತ್ರಿ. ಅಂಥ ತಯಾರಿಯಲ್ಲಿ ಹೋದವರು ಗುಂಪಿನ ಹಂತದಲ್ಲಿ ಎರಡು ಪಂದ್ಯ ಗೆದ್ದು, ಫ್ರಾನ್ಸಿನ ಲುಕಾಸ್ ಮಜೂರ್ ಎದುರು ಸೋತರು. ಸೆಮಿಫೈನಲ್ಲಿನಲ್ಲಿ ಇಂಡೊನೇಷ್ಯಾದ ಫ್ರೆಡಿ ಸೆತಿಯವಾನ್ ಅವರನ್ನು 21-9, 21-15ರಿಂದ ಮಣಿಸಿದರು. ಫೈನಲ್ 2021ರ ಸೆಪ್ಟೆಂಬರ್ 5ರ ಭಾನುವಾರ, ಶಿಕ್ಷಕರ ದಿನಾಚರಣೆಯಂದು. ಎದುರಿಗೆ ಮತ್ತೆ ಮಜೂರ್, ತಮಗಿಂತ ಸುಮಾರು 14 ವರ್ಷ ಚಿಕ್ಕವರು. ಮೊದಲ ಗೇಮ್ 21-15ರಿಂದ ಸುಹಾಸ್ ಅವರದಾಯಿತು. ಉಳಿದೆರಡು 17-21, 15-21. ಬೆಳ್ಳಿ ಬಂತು. ಪ್ಯಾರಾಲಿಂಪಿಕ್ಸ್ ಪದಕ ಗೆದ್ದ ಮೊದಲ ಐಎಎಸ್ ಅಧಿಕಾರಿ ಎಂದು ಪತ್ರಿಕೆಗಳು ಬರೆದವು. ನನಗೆ ಆ ಬಿರುದಿಗಿಂತ ಗೆದ್ದ ಆ ಮೊದಲ ಗೇಮ್ ದೊಡ್ಡದು. ಎರಡು ದಿನದ ಹಿಂದೆಯಷ್ಟೇ ತಮ್ಮನ್ನು ಸೋಲಿಸಿದವನ ಎದುರು ಅದನ್ನು ಗೆದ್ದರು. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು.

ಹಾಸನ ಜಿಲ್ಲೆಗೆ ಇದು ಮೊದಲ ಬೆಳ್ಳಿಯಲ್ಲ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದ ಎಚ್.ಎನ್. ಗಿರೀಶ ಕೂಡ ಅಲ್ಲಿಯವರೇ. ಆ ಸಲ ಇಡೀ ಭಾರತಕ್ಕೆ ಬಂದ ಪದಕ ಅದೊಂದೇ. ಟೋಕಿಯೊದಲ್ಲಿ 19 ಬಂದವು, ಪ್ಯಾರಿಸ್‌ನಲ್ಲಿ 29.

2023ರ ಅಕ್ಟೋಬರಿನಲ್ಲಿ ಹಾಂಗ್‌ಝೌನ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಫೈನಲ್ಲಿನಲ್ಲಿ ಮೊದಲ ಗೇಮ್ ಸೋತರೂ ಮಲೇಷ್ಯಾದ ಅಮೀನ್ ಬುರ್ಹಾನುದ್ದೀನ್ ಅವರನ್ನು ಸೋಲಿಸಿ ಚಿನ್ನ ಗೆದ್ದರು. 2024ರ ಫೆಬ್ರುವರಿಯಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಸೆತಿಯವಾನ್ ಅವರನ್ನು ಎರಡೇ ಗೇಮ್‌ಗಳಲ್ಲಿ ಮಣಿಸಿ ವಿಶ್ವ ಚಾಂಪಿಯನ್ ಆದರು. ಪ್ಯಾರಿಸ್ ಫೈನಲ್ ಸೆಪ್ಟೆಂಬರ್ 2ರಂದು. ಎದುರಿಗೆ ಅದೇ ಮಜೂರ್, ಅದೂ ಅವರದೇ ದೇಶದಲ್ಲಿ. 9-21, 13-21. ಎರಡನೆಯ ಬೆಳ್ಳಿ. ಆಗ ಸುಹಾಸ್ ಅವರಿಗೆ 41 ತುಂಬಿತ್ತು.